ಎರಡು ದಿನದ ಸ್ಟಾಕ್‌ಹೋಮ್: ಬಾಗಿಲಿರುವ ಜಾಗ ಮೊದಲು, ಬಯಲಿನ ಜಾಗ ಆಮೇಲೆ

ಊರಿನಿಂದ ನಮ್ಮ ಮನೆಗೆ ಬರುವ ನೆಂಟರು, ಕಂಪನಿಯ ಕೆಲಸಕ್ಕೆಂದು ಬಂದು ಶನಿವಾರ ಭಾನುವಾರ ಉಳಿದುಕೊಳ್ಳುವ ಬೆಂಗಳೂರಿನ ಎಂಜಿನಿಯರುಗಳು, ಯುರೋಪ್ ಪ್ರವಾಸದ ನಡುವೆ ಎರಡು ರಾತ್ರಿ ತಂಗುವ ದಂಪತಿಗಳು, ಇವರೆಲ್ಲರೂ ಸ್ಟಾಕ್‌ಹೋಮಿನಲ್ಲಿ ಹೆಚ್ಚುಕಡಿಮೆ ಒಂದೇ ಕಡೆ ಎಡವುತ್ತಾರೆ. ಬೆಳಗ್ಗೆ ಹತ್ತೂವರೆಗೆ ಹೊರಟು, ಹಳೆ ಊರಿನ ಓಣಿಗಳಲ್ಲಿ ಫೋಟೊ ತೆಗೆದುಕೊಂಡು, ಮೂರು ಗಂಟೆಗೆ ಮ್ಯೂಸಿಯಂ ಮುಂದೆ ನಿಂತಾಗ ಒಂದೋ ಒಳಗೆ ಕಾಲಿಡಲು ಜಾಗವಿರುವುದಿಲ್ಲ, ಇಲ್ಲವೇ ಬಾಗಿಲು ಹಾಕಲು ಹೆಚ್ಚು ಹೊತ್ತು ಉಳಿದಿರುವುದಿಲ್ಲ.

ಜಾಗಗಳ ಪಟ್ಟಿ ಎಲ್ಲರ ಕೈಯಲ್ಲೂ ಇರುತ್ತದೆ. ತಪ್ಪುವುದು ಅವುಗಳ ಕ್ರಮ. ಈ ನಗರ 14 ದ್ವೀಪಗಳ ಮೇಲೆ ಹರಡಿಕೊಂಡಿದೆ. ನಕ್ಷೆಯಲ್ಲಿ ಎದುರುಬದುರು ಕಾಣುವ ಎರಡು ಜಾಗಗಳ ನಡುವೆ ನೀರಿದ್ದರೆ, ಕೂಗಳತೆಯ ದೂರಕ್ಕೂ ಅರ್ಧ ಗಂಟೆ ಸುತ್ತಬೇಕಾಗಬಹುದು. ಆದ್ದರಿಂದ ಎರಡೇ ನಿಯಮಗಳನ್ನು ಇಟ್ಟುಕೊಳ್ಳಿ. ಒಂದು ಹೊತ್ತಿಗೆ ಒಂದೇ ದ್ವೀಪ. ತೆರೆಯುವ ಮತ್ತು ಮುಚ್ಚುವ ವೇಳೆಯಿರುವ ಜಾಗಗಳು ಮೊದಲು, ಓಣಿ, ದಿಬ್ಬ, ದೋಣಿ, ಮೆಟ್ರೊ ಮುಂತಾದ ಬಾಗಿಲಿಲ್ಲದ ಜಾಗಗಳು ನಂತರ. ಮುಂದಿನ ಎಲ್ಲ ಹಂತಗಳೂ ಈ ಎರಡು ನಿಯಮಗಳಿಂದಲೇ ಹುಟ್ಟಿದವು.

ಇದೇ ಎರಡು ದಿನಗಳಲ್ಲಿ ಕೋಪನ್‌ಹೇಗನ್ ಮತ್ತು ಓಸ್ಲೊಗಳನ್ನೂ ಸೇರಿಸಬಹುದೇ ಎಂದು ಕೇಳುವವರಿದ್ದಾರೆ. ಇಲ್ಲಿಂದ ಆ ಎರಡಕ್ಕೂ ರೈಲಿನಲ್ಲಿ ಐದು ಗಂಟೆಗೂ ಹೆಚ್ಚು ಬೇಕು. ಹಾಗೆ ಸೇರಿಸಿದವರು ಮೂರು ರೈಲು ನಿಲ್ದಾಣಗಳನ್ನು ಚೆನ್ನಾಗಿ ನೋಡಿಕೊಂಡು ಹೋಗುತ್ತಾರೆ.

ಹಂತ 1: ಬೆಳಕು, ವಾರ ಮತ್ತು ಹಬ್ಬವನ್ನು ನೋಡಿಕೊಳ್ಳಿ

ಹೋಟೆಲ್ ಕಾಯ್ದಿರಿಸುವುದಕ್ಕೂ ಮುಂಚೆ ಮಾಡಬೇಕಾದ ಕೆಲಸ ಇದು. ಡಿಸೆಂಬರ್ ಮೂರನೆಯ ವಾರದಲ್ಲಿ ಇಲ್ಲಿ ಸೂರ್ಯ ಬೆಳಗ್ಗೆ 8.45ರ ಸುಮಾರಿಗೆ ಹುಟ್ಟಿ ಮಧ್ಯಾಹ್ನ 2.50ರೊಳಗೆ ಮುಳುಗುತ್ತಾನೆ, ಜೂನ್ ಮೂರನೆಯ ವಾರದಲ್ಲಿ ಬೆಳಗಿನ 3.30ಕ್ಕೆ ಹುಟ್ಟಿ ರಾತ್ರಿ ಹತ್ತರವರೆಗೆ ಇರುತ್ತಾನೆ. ಕರ್ನಾಟಕದಲ್ಲಿ ವರ್ಷವಿಡೀ ಆರರ ಆಸುಪಾಸಿನಲ್ಲೇ ಹುಟ್ಟಿ ಮುಳುಗುವ ಸೂರ್ಯನಿಗೆ ಒಗ್ಗಿದ ನಮಗೆ ಈ ಲೆಕ್ಕ ತಲೆಗೆ ಹೋಗಲು ಸಮಯ ಹಿಡಿಯುತ್ತದೆ. ನಾನೇ ಮೊದಲ ಚಳಿಗಾಲದಲ್ಲಿ ಅಪ್ಪ ಅಮ್ಮನನ್ನು ಮಧ್ಯಾಹ್ನ ಊಟ ಮುಗಿಸಿ ನಿಧಾನವಾಗಿ ಮೂರೂವರೆಗೆ ದಿಬ್ಬದ ಮೇಲಕ್ಕೆ ಕರೆದುಕೊಂಡು ಹೋಗಿದ್ದೆ. ಕೆಳಗೆ ದೀಪಗಳೇನೋ ಇದ್ದವು. ಆದರೆ ಯಾವುದು ನೀರು, ಯಾವುದು ನೆಲ ಎಂದು ತೋರಿಸಲು ನನಗೇ ಆಗಲಿಲ್ಲ. ಅಮ್ಮ ಕೈ ಹಿಡಿದುಕೊಂಡು, “ನಾಳೆ ಹಗಲು ಬರೋಣ” ಎಂದರು. ಮರುದಿನ ಬೆಳಗ್ಗೆ ಅವರ ವಿಮಾನವಿತ್ತು.

ಚಳಿಗಾಲದಲ್ಲಿ ಬರುವವರು ಮೇಲಿನ ನಿಯಮವನ್ನು ಸ್ವಲ್ಪ ಬಾಗಿಸಬೇಕು: ಹೊರಗಿನ ನೋಟಗಳಿಗೆ ಬೆಳಗ್ಗೆ ಹತ್ತರಿಂದ ಒಂದೂವರೆಯವರೆಗಿನ ಅವಧಿಯನ್ನು ಮೀಸಲಿಟ್ಟು, ಕತ್ತಲಾದ ಮೇಲೆ ಮ್ಯೂಸಿಯಂ ಹೊಕ್ಕಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರಿಗೆ ಈ ತೊಂದರೆಯಿಲ್ಲ.

ವಾರದ ಲೆಕ್ಕದಲ್ಲಿ ಸೋಮವಾರವೇ ಸಮಸ್ಯೆಯ ದಿನ. ರಾಷ್ಟ್ರೀಯ ಕಲಾ ಸಂಗ್ರಹಾಲಯವಾದ ನಾಷನಲ್‌ಮ್ಯೂಸಿಯಂ ಮತ್ತು ಆಧುನಿಕ ಕಲೆಯ ಮೊಡೆರ್ನಾ ಮ್ಯೂಸೀಟ್ ಎರಡೂ ಅಂದು ಮುಚ್ಚಿರುತ್ತವೆ. ಹಬ್ಬದ ಲೆಕ್ಕದಲ್ಲಿ ಎಚ್ಚರವಿರಬೇಕಾದದ್ದು ಜೂನ್ 19ರಿಂದ 25ರ ನಡುವೆ ಬರುವ ಶುಕ್ರವಾರ. ಅದು ನಡುಬೇಸಿಗೆಯ ಹಬ್ಬದ ಮುನ್ನಾದಿನ. ಊರಿನವರೆಲ್ಲ ಹಳ್ಳಿಮನೆಗಳಿಗೆ ಹೋಗಿ, ಎಷ್ಟೋ ಅಂಗಡಿ ಹೋಟೆಲುಗಳು ಮುಚ್ಚಿ, ಬೀದಿಗಳು ಬಿಕೋ ಎನ್ನುತ್ತವೆ. ಡಿಸೆಂಬರ್ 24 ಕೂಡ ಹಾಗೆಯೇ.

ಹಂತ 2: ದಿನಕ್ಕೆ ಎರಡೇ ಬಾಗಿಲು

ಒಂದು ಹಾಳೆಯಲ್ಲಿ ಎರಡು ಕಂಬಸಾಲು ಬರೆಯಿರಿ. ಎಡಕ್ಕೆ ಟಿಕೆಟ್ ಅಥವಾ ವೇಳೆ ಇರುವ ಜಾಗಗಳು: ಹಳೆಯ ಯುದ್ಧನೌಕೆಯಿರುವ ವಾಸಾ ಮ್ಯೂಸಿಯಂ, ಸ್ಕಾನ್ಸೆನ್ ಎಂಬ ಬಯಲು ಮ್ಯೂಸಿಯಂ, ಸ್ವೀಡನ್ನಿನ ಹಾಡುಗಾರರ ತಂಡವಾದ ಆಬಾದ ಮ್ಯೂಸಿಯಂ, ನಗರಭವನ, ಅರಮನೆ. ಬಲಕ್ಕೆ ಯಾವಾಗ ಬೇಕಾದರೂ ಹೋಗಬಹುದಾದವು: ಗಾಮ್ಲಾ ಸ್ತಾನ್ ಎಂಬ ಹಳೆ ಊರು, ಮೊಂಟೇಲಿಯಸ್‌ವೇಗೆನ್ ಎಂಬ ದಿಬ್ಬದ ದಾರಿ, ದೋಣಿ, ಮೆಟ್ರೊ ನಿಲ್ದಾಣಗಳ ಚಿತ್ರಗಳು. ಎಡಗಡೆಯಿಂದ ದಿನಕ್ಕೆ ಎರಡನ್ನು ಮಾತ್ರ ಆರಿಸಿಕೊಳ್ಳಿ. ಮೂರನೆಯದನ್ನು ಸೇರಿಸಿದ ದಿನ ಮೂರೂ ಅರ್ಧಂಬರ್ಧ ಆಗುವುದನ್ನು ಹಲವು ಸಲ ಕಣ್ಣಾರೆ ಕಂಡಿದ್ದೇನೆ.

ಎಲ್ಲ ಮ್ಯೂಸಿಯಂಗಳಿಗೂ ಸೇರಿ ಮಾರುವ ನಗರ ಪಾಸುಗಳನ್ನು ಕೊಳ್ಳಬೇಕೇ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಸಿಗುತ್ತದೆ. ನೀವು ಆರಿಸಿದ ಬಾಗಿಲುಗಳ ಬಿಡಿ ದರಗಳನ್ನು ಕೂಡಿಸಿ ಪಾಸಿನ ದರದ ಪಕ್ಕದಲ್ಲಿಟ್ಟು ನೋಡಿ. ದಿನಕ್ಕೆ ಎರಡೇ ಬಾಗಿಲಾದರೆ ಪಾಸು ಸಾಮಾನ್ಯವಾಗಿ ಗಿಟ್ಟುವುದಿಲ್ಲ. ಮೇಲಾಗಿ, ಕೊಟ್ಟ ಹಣ ಹುಟ್ಟಿಸಬೇಕೆಂಬ ಹಟದಲ್ಲಿ ಬೇಡದ ಕಡೆಗೆಲ್ಲ ಓಡಾಡುವಂತಾಗುತ್ತದೆ. ಮಕ್ಕಳಿರುವವರು ಇನ್ನೂ ಜಾಗರೂಕರಾಗಿ ಲೆಕ್ಕ ಹಾಕಬೇಕು, ಏಕೆಂದರೆ ವಾಸಾ ಮ್ಯೂಸಿಯಂನಲ್ಲಿ 18 ವರ್ಷದವರೆಗೂ ಪ್ರವೇಶ ಉಚಿತ.

ಹಂತ 3: ಕಾರ್ಡು, ಫೋನು, ಬೂಟು

ಸ್ವೀಡನ್ನಿನಲ್ಲಿ ನೋಟಿನ ಬಳಕೆ ಬಹುತೇಕ ನಿಂತುಹೋಗಿದೆ. ಊರಿನಲ್ಲಿ ಡಾಲರು ಯೂರೊ ಬದಲಾಯಿಸಿಕೊಂಡು ಬಂದವರು ಕಾಫಿ ಅಂಗಡಿಯಲ್ಲಿ “ನಗದು ತೆಗೆದುಕೊಳ್ಳುವುದಿಲ್ಲ” ಎಂಬ ಫಲಕದ ಮುಂದೆ ಪೆಚ್ಚಾಗಿ ನಿಲ್ಲುತ್ತಾರೆ. ಇಲ್ಲಿನ ಹಣ ಕ್ರೋನಾ. ಯೂರೊ ಅಲ್ಲ ಎಂಬುದೂ ನೆನಪಿರಲಿ.

ನಮ್ಮ ಕಾರ್ಡುಗಳ ವಿಷಯದಲ್ಲಿ ಒಂದು ತೊಡಕಿದೆ. 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶಿ ಬಳಕೆ, ಆನ್‌ಲೈನ್ ಪಾವತಿ ಮತ್ತು ಟ್ಯಾಪ್ ಮಾಡುವ ಸೌಲಭ್ಯಗಳನ್ನು ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ಬೇರೆ ಬೇರೆಯಾಗಿ ಆನ್ ಮಾಡಬೇಕು. ಬಹಳ ಮಂದಿ ಮೊದಲನೆಯದನ್ನು ಆನ್ ಮಾಡಿ ಟ್ಯಾಪ್ ಮರೆಯುತ್ತಾರೆ. ಅದು ಗೊತ್ತಾಗುವುದು ಮೆಟ್ರೊ ಗೇಟಿನ ಮುಂದೆ, ಬೆನ್ನ ಹಿಂದೆ ಹತ್ತು ಜನ ನಿಂತಿರುವಾಗ. ರುಪೇ ಕಾರ್ಡೊಂದನ್ನೇ ನೆಚ್ಚಿಕೊಳ್ಳಬೇಡಿ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಎರಡಿರಲಿ, ಬೇರೆ ಬೇರೆ ಬ್ಯಾಂಕಿನದಾಗಿರಲಿ. ಪಿನ್ ಬಾಯಿಪಾಠವಿರಲಿ. ಯಂತ್ರವು “ರೂಪಾಯಿಯಲ್ಲೋ ಕ್ರೋನಾದಲ್ಲೋ” ಎಂದು ಕೇಳಿದರೆ ಕ್ರೋನಾವನ್ನೇ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಅವರು ಹೇಳಿದ್ದೇ ಆಗುತ್ತದೆ.

ಬಾಗಿಲುಗಳ ಟಿಕೆಟನ್ನು ಬೆಂಗಳೂರು ಬಿಡುವ ಮುನ್ನವೇ ಖರೀದಿಸಿ. ಇಲ್ಲಿಗೆ ಬಂದು ಬೇರೆ ಸಿಮ್ ಹಾಕಿದ ಮೇಲೆ ಒಟಿಪಿ ಬರದೆ ಒದ್ದಾಡುವವರಿಗೆ ಲೆಕ್ಕವಿಲ್ಲ.

ಬೂಟಿನ ಬಗ್ಗೆ ಒಂದೇ ಮಾತು: ಹಳೆ ಊರಿನಲ್ಲಿ ನೆಲ ಪೂರ್ತಿ ಉಬ್ಬುಕಲ್ಲಿನದು, ಚಳಿಗಾಲದಲ್ಲಿ ಅದರ ಮೇಲೆ ಮಂಜುಗಡ್ಡೆ ಕಟ್ಟಿರುತ್ತದೆ. ನುಣುಪು ಅಡಿಯ ಶೂ ಹಾಕಿಕೊಂಡು ಬಂದರೆ ಜಾರುವುದು ಖಂಡಿತ. ಬೂಟಿನ ಅಡಿಗೆ ಕಟ್ಟಿಕೊಳ್ಳುವ ಮುಳ್ಳುಪಟ್ಟಿಗಳು ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತವೆ. ಹಿರಿಯರು ಜೊತೆಗಿದ್ದರೆ ಮೊದಲ ದಿನವೇ ಕೊಳ್ಳಿ.

ಹಂತ 4: ಆರ್ಲಾಂಡಾದಿಂದ ನಗರಕ್ಕೆ

ವಿಮಾನ ನಿಲ್ದಾಣ ನಗರದಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರು. ಆರ್ಲಾಂಡಾ ಎಕ್ಸ್‌ಪ್ರೆಸ್ ರೈಲು ಸುಮಾರು 20 ನಿಮಿಷದಲ್ಲಿ ಕೇಂದ್ರ ನಿಲ್ದಾಣಕ್ಕೆ ತಲುಪಿಸುತ್ತದೆ, ಆದರೆ ದುಬಾರಿ. ನಗರ ಸಾರಿಗೆಯಾದ ಎಸ್‌ಎಲ್‌ನ ಸ್ಥಳೀಯ ರೈಲು 40 ನಿಮಿಷ ತೆಗೆದುಕೊಳ್ಳುತ್ತದೆ. ಇದರಲ್ಲಿ ಪ್ರಯಾಣದ ಟಿಕೆಟ್ ಅಲ್ಲದೆ ವಿಮಾನ ನಿಲ್ದಾಣದ ಸ್ಟೇಷನ್ ಬಳಸಿದ್ದಕ್ಕೆ ಪ್ರತ್ಯೇಕ ಶುಲ್ಕವಿದೆ. ನೇರ ಬಸ್ಸು ಸುಮಾರು 45 ನಿಮಿಷ.

ಸಮಯವಿದ್ದು ಹಣ ಉಳಿಸಬೇಕೆನ್ನುವವರಿಗೆ ನಾಲ್ಕನೆಯ ದಾರಿಯೊಂದಿದೆ. ಟರ್ಮಿನಲ್ ಎದುರಿನಿಂದ 583ನೇ ನಂಬರಿನ ಬಸ್ಸು ಹತ್ತಿ ಮ್ಯಾರ್ಸ್ಟಾ ಎಂಬಲ್ಲಿ ಇಳಿದು, ಅಲ್ಲಿಂದ ಸ್ಥಳೀಯ ರೈಲು ಹಿಡಿದರೆ ಸಾಮಾನ್ಯ ನಗರ ಟಿಕೆಟ್ ಸಾಕು, ಆ ಹೆಚ್ಚುವರಿ ಶುಲ್ಕ ಬೀಳುವುದಿಲ್ಲ. ಒಟ್ಟು ಒಂದು ಗಂಟೆಗೂ ಸ್ವಲ್ಪ ಹೆಚ್ಚು ಬೇಕು. ನಾಲ್ಕು ಜನರ ಸಂಸಾರಕ್ಕೆ ಇದರಿಂದ ಉಳಿಯುವ ಹಣ ಸಣ್ಣದಲ್ಲ. ಎರಡು ದೊಡ್ಡ ಪೆಟ್ಟಿಗೆ, ಅಳುವ ಮಗು ಇದ್ದರೆ ಮಾತ್ರ ನಾನು ಈ ದಾರಿಯನ್ನು ಹೇಳುವುದಿಲ್ಲ.

ಇಲ್ಲಿ ಆಗುವ ತಪ್ಪು ಎಕ್ಸ್‌ಪ್ರೆಸ್ ಮತ್ತು ಸ್ಥಳೀಯ ರೈಲನ್ನು ಗೊಂದಲ ಮಾಡಿಕೊಳ್ಳುವುದು. ಎರಡಕ್ಕೂ ಪ್ಲಾಟ್‌ಫಾರಂ ಬೇರೆ, ಒಂದರ ಟಿಕೆಟ್ ಇನ್ನೊಂದರಲ್ಲಿ ನಡೆಯದು. ಸ್ಥಳೀಯ ರೈಲು ನಿಲ್ಲುವ ನಿಲ್ದಾಣದ ಹೆಸರು ‘ಸ್ಟಾಕ್‌ಹೋಮ್ ಸಿಟಿ’. ‘ಸೆಂಟ್ರಲ್’ ಎಂದು ಕಾಯುತ್ತ ಕುಳಿತರೆ ದಾಟಿ ಹೋಗುತ್ತೀರಿ. ಅದು ಟಿ-ಸೆಂಟ್ರಾಲೆನ್ ಎಂಬ ಮುಖ್ಯ ಮೆಟ್ರೊ ನಿಲ್ದಾಣದ ಅಡಿಯಲ್ಲೇ ಇದೆ. ಹೋಟೆಲ್ ಕೋಣೆ ಸಿಗುವ ಹೊತ್ತಿಗೆ ಮುಂಚೆ ಬಂದಿಳಿದರೆ ಕೇಂದ್ರ ನಿಲ್ದಾಣದ ಲಾಕರುಗಳಲ್ಲಿ ಪೆಟ್ಟಿಗೆ ಇಡಿ. ಗಾಲಿಪೆಟ್ಟಿಗೆ ಎಳೆದುಕೊಂಡು ಹಳೆ ಊರಿನ ಕಲ್ಲುಹಾದಿಗೆ ಹೋಗುವ ಸಾಹಸ ಮಾಡಬೇಡಿ. ಗಾಲಿ ಕಿತ್ತುಹೋದ ಪೆಟ್ಟಿಗೆಗಳು ನಮ್ಮ ಮನೆಯ ಅಟ್ಟದ ಮೇಲೆ ಈಗಲೂ ಎರಡಿವೆ.

ಹಂತ 5: ನಗರದೊಳಗಿನ ಟಿಕೆಟ್

ಮೆಟ್ರೊ, ಬಸ್ಸು, ಟ್ರಾಮು, ಸ್ಥಳೀಯ ರೈಲು ಮತ್ತು ಕೆಲವು ದೋಣಿಗಳಿಗೆ ಎಸ್‌ಎಲ್‌ನ ಒಂದೇ ಟಿಕೆಟ್. ಬಿಡಿ ಟಿಕೆಟಿನ ಆಯಸ್ಸು 75 ನಿಮಿಷ. ಆ ಅವಧಿಯಲ್ಲಿ ಎಷ್ಟು ಸಲ ಬೇಕಾದರೂ ಇಳಿದು ಹತ್ತಬಹುದು. 24 ಮತ್ತು 72 ಗಂಟೆಗಳ ಟಿಕೆಟುಗಳೂ ಇವೆ. ದಿನಕ್ಕೆ ನಾಲ್ಕಾರು ಸಲ ಹತ್ತಿಳಿಯುವ ಯೋಜನೆಯಿದ್ದರೆ ಅವಧಿ ಟಿಕೆಟ್ ಕೊಳ್ಳಿ. ಒಂದೇ ದ್ವೀಪದಲ್ಲಿ ಅರ್ಧ ದಿನ ಕಳೆಯುವವರಿಗೆ ಎರಡು ಬಿಡಿ ಟಿಕೆಟೇ ಸಾಕಾಗಬಹುದು.

ಗೇಟಿನಲ್ಲಿ ಬ್ಯಾಂಕ್ ಕಾರ್ಡನ್ನೇ ಮುಟ್ಟಿಸಿ ಹೋಗಬಹುದು, ಆದರೆ ಆಗ ಕಡಿತವಾಗುವುದು ದೊಡ್ಡವರ ಪೂರ್ತಿ ದರದ ಬಿಡಿ ಟಿಕೆಟ್, ಅದೂ ಒಬ್ಬರಿಗೆ ಮಾತ್ರ. ಅಪ್ಪ, ಅಮ್ಮ, ಮಗ ಎಲ್ಲರಿಗೂ ಒಂದೇ ಕಾರ್ಡ್ ತೋರಿಸುವಂತಿಲ್ಲ. 65 ದಾಟಿದವರಿಗೂ 20ರೊಳಗಿನವರಿಗೂ ರಿಯಾಯಿತಿ ದರವಿದೆ. ಅದನ್ನು ಪಡೆಯಲು ಎಸ್‌ಎಲ್ ಆ್ಯಪ್‌ನಲ್ಲೋ, ನಿಲ್ದಾಣದ ಯಂತ್ರದಲ್ಲೋ ಟಿಕೆಟ್ ಕೊಳ್ಳಬೇಕು. ಆ್ಯಪ್‌ನಲ್ಲಿ ಒಬ್ಬರ ಫೋನಿನಲ್ಲೇ ಎಲ್ಲರ ಟಿಕೆಟನ್ನೂ ಇಟ್ಟುಕೊಳ್ಳಬಹುದು, ಹಾಗಾಗಿ ಸಂಸಾರಸ್ಥರಿಗೆ ಅದೇ ಸುಲಭ. ಫೋನಿನ ಚಾರ್ಜು ಮುಗಿದರೆ ಟಿಕೆಟ್ ಇಲ್ಲದಂತೆಯೇ ಲೆಕ್ಕ. ತಪಾಸಣೆಯವರು ದಂಡ ಹಾಕುವಾಗ ಪ್ರವಾಸಿಗರೆಂದು ಕನಿಕರಿಸುವುದಿಲ್ಲ.

ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಿ, ಎಡಗಡೆ ಅವಸರದವರಿಗೆ ಬಿಡಿ.

ಹಂತ 6: ಮೊದಲ ದಿನದ ಬೆಳಗು, ಯೂರ್‌ಗೋರ್ಡೆನ್ ದ್ವೀಪ

ಫಲಕದಲ್ಲಿ ಈ ಹೆಸರು ‘ಡಿ’ ಅಕ್ಷರದಿಂದ ಆರಂಭವಾಗುತ್ತದೆ, ಬಾಯಲ್ಲಿ ‘ಯೂ’ ಎಂದು ಬರುತ್ತದೆ. ಬಸ್ಸಿನ ಘೋಷಣೆ ಕೇಳಿ ಇಳಿಯುವವರು ಇದನ್ನು ನೆನಪಿಡಬೇಕು. ನಗರದ ನಡುವಿನಿಂದ 7ನೇ ನಂಬರಿನ ಟ್ರಾಮು ನೇರವಾಗಿ ಇಲ್ಲಿಗೆ ಬರುತ್ತದೆ.

ಮೊದಲ ಬಾಗಿಲು ವಾಸಾ. 1628ರ ಆಗಸ್ಟ್ 10ರಂದು ಮೊದಲ ಯಾನದಲ್ಲೇ ಸುಮಾರು 1,300 ಮೀಟರು ಸಾಗಿ ಮುಳುಗಿದ, 1961ರಲ್ಲಿ ಮೇಲೆತ್ತಿದ ಯುದ್ಧನೌಕೆ ಇದು. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಹನ್ನೊಂದರ ನಂತರ ಪ್ರವಾಸಿ ಹಡಗುಗಳ ಮತ್ತು ಬಸ್ಸುಗಳ ಗುಂಪು ಬಂದರೆ ಹಡಗಿಗಿಂತ ಬೆನ್ನುಗಳೇ ಹೆಚ್ಚು ಕಾಣುತ್ತವೆ. ಒಳಗೆ ಮರದ ರಕ್ಷಣೆಗಾಗಿ ಬೆಳಕು ಮಂದವಾಗಿಯೂ ಉಷ್ಣಾಂಶ 18ರಿಂದ 20 ಡಿಗ್ರಿಯಾಗಿಯೂ ಇರುತ್ತದೆ, ಆದ್ದರಿಂದ ಬೇಸಿಗೆಯಲ್ಲೂ ಒಂದು ಸ್ವೆಟರ್ ಕೈಯಲ್ಲಿರಲಿ.

ಒಳಗೆ ಹೋದ ಕೂಡಲೇ ಎಲ್ಲರೂ ಹಡಗಿನ ಮುಂಭಾಗದ ಬುಡದಲ್ಲಿ ನಿಂತು ಫೋಟೊ ತೆಗೆಯುತ್ತಾರೆ. ನೀವು ಅಲ್ಲಿ ನಿಲ್ಲಬೇಡಿ. ಮೊದಲು ಕಿರುಚಿತ್ರ ನೋಡಿ, ಬಳಿಕ ಮೇಲಿನ ಮಹಡಿಗೆ ಹೋಗಿ ಇಳಿಯುತ್ತ ಬನ್ನಿ. ಪಕ್ಕದಿಂದ ನೋಡಿದಾಗ ತೋಪಿನ ಕಿಂಡಿಗಳು ಎರಡು ಸಾಲಿನಲ್ಲಿ ಕಾಣುತ್ತವೆ. ತೆರೆದಿಟ್ಟ ಮುಚ್ಚಳಗಳ ಒಳಮೈಯಲ್ಲಿ ಬಾಯಿಬಿಟ್ಟ ಸಿಂಹದ ಮುಖಗಳನ್ನು ಕೆತ್ತಿದ್ದಾರೆ. ಶತ್ರುವಿಗೆ ತೋರಿಸಲೆಂದು ಕೆತ್ತಿದ ಮುಖಗಳವು. ಗಾಳಿಗೆ ಹಡಗು ವಾಲಿದಾಗ ನೀರು ನುಗ್ಗಿದ್ದು ಕೆಳಸಾಲಿನ ಇದೇ ಕಿಂಡಿಗಳಿಂದ. ಆ ಕಿಂಡಿಗಳ ಎತ್ತರಕ್ಕೆ ಕಣ್ಣು ಬರುವ ಮಹಡಿಯಲ್ಲಿ ಐದು ನಿಮಿಷ ನಿಂತರೆ, ಓದಿ ತಿಳಿದದ್ದಕ್ಕಿಂತ ಹೆಚ್ಚು ತಿಳಿಯುತ್ತದೆ. ಒಟ್ಟು ಎರಡು ಗಂಟೆ ಇಟ್ಟುಕೊಳ್ಳಿ.

ಎರಡನೆಯ ಬಾಗಿಲನ್ನು ನಿಮ್ಮ ಜೊತೆಯವರನ್ನು ನೋಡಿ ಆರಿಸಿ. ಮಕ್ಕಳಿದ್ದರೆ ಸ್ಕಾನ್ಸೆನ್, 1891ರಲ್ಲಿ ಆರಂಭವಾದ ಈ ಬಯಲು ಮ್ಯೂಸಿಯಂನಲ್ಲಿ ಹಳೆಯ ಹಳ್ಳಿಮನೆಗಳ ಜೊತೆಗೆ ಎಲ್ಕ್, ತೋಳ, ಕರಡಿಗಳೂ ಇವೆ. ಇದು ಗುಡ್ಡದ ಮೇಲಿರುವುದರಿಂದ ಮೂರು ಗಂಟೆಗೆ ಕಡಿಮೆ ಸಾಲದು, ಮಂಡಿನೋವಿನವರಿಗೆ ಕಷ್ಟ. ಹಾಡಿನ ಹುಚ್ಚಿರುವವರಿಗೆ 2013ರಲ್ಲಿ ತೆರೆದ ಆಬಾ ಮ್ಯೂಸಿಯಂ. ಇದಕ್ಕೆ ನಿಗದಿತ ವೇಳೆಯ ಟಿಕೆಟ್ ಇರುವುದರಿಂದ ಮುಂಗಡ ಕೊಳ್ಳದೆ ಹೋಗಬೇಡಿ. ವಾಸಾದ ಟಿಕೆಟ್ ಕೊಂಡ ಮೇಲೆ ಇದರ ವೇಳೆಯನ್ನು ಮಧ್ಯಾಹ್ನ ಎರಡರ ನಂತರಕ್ಕೆ ಇಟ್ಟುಕೊಂಡರೆ ನಡುವೆ ಊಟಕ್ಕೂ ಸಮಯ ಸಿಗುತ್ತದೆ.

ಹೊರಡುವ ಮುನ್ನ ಮ್ಯೂಸಿಯಂನಲ್ಲೇ ಶೌಚಾಲಯಕ್ಕೆ ಹೋಗಿ ಬನ್ನಿ. ಬೀದಿಯಲ್ಲಿರುವವು ಕಡಿಮೆ, ಅವುಗಳಿಗೆ ಹಣವನ್ನೂ ಕೊಡಬೇಕಾಗುತ್ತದೆ.

ಹಂತ 7: ಮೊದಲ ದಿನದ ಸಂಜೆ, ದೋಣಿ ಮತ್ತು ದಿಬ್ಬ

ಬಂದ ಟ್ರಾಮಿನಲ್ಲೇ ವಾಪಸು ಹೋಗುವುದು ಎಲ್ಲರೂ ಮಾಡುವ ತಪ್ಪು. ಗ್ರೋನಾ ಲುಂಡ್ ಎಂಬ ಮನರಂಜನಾ ಉದ್ಯಾನದ ಪಕ್ಕದ ಕಟ್ಟೆಯಿಂದ, ಹಳೆ ಊರಿನ ದಕ್ಷಿಣ ತುದಿಗಿರುವ ಸ್ಲುಸೆನ್‌ಗೆ ದೋಣಿ ಹೊರಡುತ್ತದೆ. ಸುಮಾರು ಹತ್ತು ನಿಮಿಷದ ಈ ಯಾನಕ್ಕೆ ನಿಮ್ಮ ಎಸ್‌ಎಲ್ ಟಿಕೆಟೇ ನಡೆಯುತ್ತದೆ. ಎದುರಿಗೆ ಹಳೆ ಊರಿನ ಗೋಪುರಗಳು ಹತ್ತಿರ ಬರುತ್ತ ಹೋಗುವ ಈ ನೋಟಕ್ಕೆ ಪ್ರವಾಸಿ ದೋಣಿಗಳಲ್ಲಿ ಜನ ಹಲವು ಪಟ್ಟು ಕೊಡುತ್ತಾರೆ. ಅಂಥ ಖಾಸಗಿ ದೋಣಿಗಳೂ ಅಲ್ಲೇ ಆಸುಪಾಸಿನಲ್ಲಿ ನಿಲ್ಲುತ್ತವೆ, ಆದ್ದರಿಂದ ಕಟ್ಟೆಯ ಮೇಲೆ ಎಸ್‌ಎಲ್ ಗುರುತು ನೋಡಿಯೇ ಹತ್ತಿ.

ಸ್ಲುಸೆನ್ ಸುತ್ತ ವರ್ಷಗಳಿಂದ ಪುನರ್ನಿರ್ಮಾಣ ನಡೆದಿರುವುದರಿಂದ ಕಾಲುದಾರಿಗಳು ಬದಲಾಗುತ್ತಿರುತ್ತವೆ. ಫೋನಿನ ನಕ್ಷೆಗಿಂತ ಅಲ್ಲಿನ ಫಲಕವನ್ನು ನಂಬಿ. ಅಲ್ಲಿಂದ ಸೋದೆರ್‌ಮಾಲ್ಮ್ ದ್ವೀಪದ ಏರನ್ನು ಹತ್ತಿ ಕಾಲು ಗಂಟೆ ನಡೆದರೆ ಮೊಂಟೇಲಿಯಸ್‌ವೇಗೆನ್. ಅರ್ಧ ಕಿಲೋಮೀಟರಿನಷ್ಟು ಉದ್ದದ ಈ ಅಂಚಿನ ದಾರಿಯಿಂದ ಕೆಳಗೆ ನೀರು, ಆಚೆ ದಡದಲ್ಲಿ ನಗರಭವನ, ಬಲಕ್ಕೆ ಹಳೆ ಊರು ಒಟ್ಟಿಗೆ ಕಾಣುತ್ತವೆ. ನಡೆಯಲಾಗದವರು ಮಾರಿಯಾತೊರ್ಯೆತ್ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ಏರು ಕಡಿಮೆ. ಬೇಸಿಗೆಯಲ್ಲಿ ರಾತ್ರಿ ಒಂಬತ್ತರ ನಂತರ, ಚಳಿಗಾಲದಲ್ಲಿ ಮಧ್ಯಾಹ್ನ ಎರಡರೊಳಗೆ ಹೋಗಬೇಕಾದ ಜಾಗವಿದು. ಮಂಜುಗಡ್ಡೆ ಇರುವ ದಿನ ಹಿರಿಯರನ್ನು ಕರೆದೊಯ್ಯಬೇಡಿ.

ಹಂತ 8: ಎರಡನೆಯ ದಿನ, ನಗರಭವನ ಮತ್ತು ಹಳೆ ಊರು

ಬೆಳಗಿನ ಬಾಗಿಲು ನಗರಭವನ. ಒಳಗೆ ನೀವಾಗಿಯೇ ಸುತ್ತುವಂತಿಲ್ಲ, ಮಾರ್ಗದರ್ಶಕರ ಜೊತೆಗೇ ಹೋಗಬೇಕು. ಸುಮಾರು ಮುಕ್ಕಾಲು ಗಂಟೆ. ನೊಬೆಲ್ ಔತಣ ನಡೆಯುವ ‘ನೀಲಿ ಸಭಾಂಗಣ’ ಕೆಂಪು ಇಟ್ಟಿಗೆಯದು. ನೀಲಿ ಬಳಿಯಬೇಕೆಂದಿದ್ದ ವಾಸ್ತುಶಿಲ್ಪಿ ಇಟ್ಟಿಗೆಯ ಚಂದ ನೋಡಿ ಕೈಬಿಟ್ಟರು, ಹೆಸರು ಮಾತ್ರ ಉಳಿಯಿತು. ಮೇಲಿನ ಚಿನ್ನದ ಸಭಾಂಗಣದ ಗೋಡೆಗಳಲ್ಲಿ 1.8 ಕೋಟಿಗೂ ಹೆಚ್ಚು ಚೂರುಗಳ ಮೊಸಾಯಿಕ್ ಇದೆ. ಡಿಸೆಂಬರ್ 10ರ ಔತಣದ ಆಸುಪಾಸಿನಲ್ಲಿ ಬರುವವರು ಮುಚ್ಚಿರುವ ದಿನಗಳನ್ನು ಮೊದಲೇ ನೋಡಿಕೊಳ್ಳಬೇಕು. 106 ಮೀಟರಿನ ಗೋಪುರ ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ತೆರೆದಿರುತ್ತದೆ.

ಅಲ್ಲಿಂದ ಹಳೆ ಊರಿಗೆ ನಡೆದೇ ಹೋಗಬಹುದು. ಅರಮನೆಯ ಹೊರ ಅಂಗಳದಲ್ಲಿ ಕಾವಲು ಬದಲಾಗುವುದು ಬೇಸಿಗೆಯಲ್ಲಿ ಮಧ್ಯಾಹ್ನ 12.15ಕ್ಕೆ, ಭಾನುವಾರ 1.15ಕ್ಕೆ, ಚಳಿಗಾಲದಲ್ಲಿ ಕೆಲವು ದಿನ ಮಾತ್ರ. ನೋಡಬೇಕೆಂದಿದ್ದರೆ ಅರ್ಧ ಗಂಟೆ ಮುಂಚೆ ನಿಲ್ಲಬೇಕು. ಮೈಸೂರು ದಸರೆಯ ಜಂಬೂಸವಾರಿ ನೋಡಿದವರಿಗೆ ಇದು ಅಷ್ಟೇನೂ ಅನ್ನಿಸದಿದ್ದರೆ ಬೇಸರಪಡಬೇಡಿ.

ಹಳೆ ಊರಿನಲ್ಲಿ ಗುಂಪೆಲ್ಲ ವೆಸ್ಟರ್‌ಲೊಂಗ್‌ಗಾತಾನ್ ಎಂಬ ಒಂದೇ ಬೀದಿಯಲ್ಲಿ, ಉಡುಗೊರೆ ಅಂಗಡಿಗಳ ನಡುವೆ ಸಿಕ್ಕಿಹಾಕಿಕೊಂಡಿರುತ್ತದೆ. ಅದಕ್ಕೆ ಸಮಾನಾಂತರವಾಗಿ ಒಂದು ಬೀದಿ ಮೇಲಕ್ಕಿರುವ ಪ್ರೆಸ್ತ್‌ಗಾತಾನ್‌ಗೆ ಹತ್ತಿಕೊಳ್ಳಿ. ಅದರ ಒಂದು ಮೂಲೆಯಲ್ಲಿ, ಕೋಕ್‌ಬ್ರಿಂಕೆನ್ ಓಣಿ ಕೂಡುವಲ್ಲಿ, ಗೋಡೆಯ ಕಲ್ಲಾಗಿ ಕೂರಿಸಿದ ರೂನ್ ಲಿಪಿಯ ಶಾಸನದ ತುಂಡೊಂದಿದೆ. ಗಾಡಿಯ ಚಕ್ರ ಮೂಲೆಗೆ ಬಡಿಯದಂತೆ ಅದರ ಪಕ್ಕಕ್ಕೆ ಹಳೆಯ ತೋಪಿನ ನಳಿಗೆಯನ್ನು ನಿಲ್ಲಿಸಿದ್ದಾರೆ. ಇದೇ ಬೀದಿಯ ತುದಿಯಲ್ಲಿ 36 ಮೆಟ್ಟಿಲಿನ ಮೋರ್ಟೆನ್ ಟ್ರೋಟ್ಸಿಗ್ ಓಣಿಯನ್ನು ಮೇಲಿನಿಂದ ಇಳಿಯಬಹುದು. ತೀರ ಕಿರಿದಾದ ಕಡೆ ಅದರ ಅಗಲ 90 ಸೆಂಟಿಮೀಟರು. ಕೆಳಗಿನಿಂದ ಹತ್ತುವವರ ಸಾಲು ದೊಡ್ಡದಿರುತ್ತದೆ, ಮೇಲಿನಿಂದ ಬರುವವರು ಕಡಿಮೆ.

ಮಕ್ಕಳಿದ್ದರೆ ಅರಮನೆಯ ಎದುರು, ಫಿನ್ನಿಷ್ ಚರ್ಚಿನ ಹಿಂದಿನ ಅಂಗಳ ಹುಡುಕಿ. ಮಂಡಿ ಅಪ್ಪಿಕೊಂಡು ಕೂತ ಸುಮಾರು 15 ಸೆಂಟಿಮೀಟರಿನ ಕಬ್ಬಿಣದ ಹುಡುಗನೊಬ್ಬ ಅಲ್ಲಿದ್ದಾನೆ. ಜನ ತಲೆ ಸವರಿ ಸವರಿ ಅವನ ನೆತ್ತಿ ಹೊಳೆಯುತ್ತದೆ. ಚಳಿಗಾಲದಲ್ಲಿ ಯಾರೋ ಬಂದು ಉಣ್ಣೆಯ ಟೋಪಿ ಹಾಕಿ ಹೋಗಿರುತ್ತಾರೆ. ಅವನ ಮುಂದೆ ನಾಣ್ಯ ಇಡುವ ರೂಢಿಯೂ ಇದೆ. ನಗದೇ ನಡೆಯದ ಊರಿನಲ್ಲಿ ನಾಣ್ಯ ಕಾಣುವುದು ಇಲ್ಲೇ ಇರಬೇಕು.

ಚಳಿಗಾಲದಲ್ಲಿ ಚಾವಣಿಯಿಂದ ಹಿಮ ಬೀಳುವ ಎಚ್ಚರಿಕೆಯ ಫಲಕ ಅಥವಾ ಅಡ್ಡಗಟ್ಟಿದ ಕಂಬಿ ಕಂಡರೆ ಕಾಲುದಾರಿ ಬಿಟ್ಟು ಎದುರು ಬದಿಗೆ ಹೋಗಿ. ಮೇಲೆ ನಿಂತು ಹಿಮ ತಳ್ಳುತ್ತಿರುತ್ತಾರೆ. ಬೀಳುವುದು ಹತ್ತಿಯಲ್ಲ, ಗಡ್ಡೆ.

ಹಂತ 9: ಮಳೆ ಬಂದರೆ ಮೆಟ್ರೊ

ಇದನ್ನು ಯಾವ ದಿನಕ್ಕೂ ನಿಗದಿ ಮಾಡಬೇಡಿ; ಮಳೆಗೋ ಕತ್ತಲಿಗೋ ಕೈಯಲ್ಲಿಟ್ಟುಕೊಳ್ಳಿ. ಇಲ್ಲಿನ 100 ನಿಲ್ದಾಣಗಳಲ್ಲಿ 90ಕ್ಕೂ ಹೆಚ್ಚು ಕಡೆ ಕಲಾಕೃತಿಗಳಿವೆ, ಅದರಲ್ಲಿ ಉತ್ತಮವಾದವು ಬಂಡೆ ಕೊರೆದ ನೀಲಿ ಮಾರ್ಗದಲ್ಲಿವೆ. ಕುಂಗ್ಸ್‌ಟ್ರೇಡ್‌ಗೋರ್ಡೆನ್‌ನಲ್ಲಿ ಆರಂಭಿಸಿ, ನೀಲಿ ಬಳ್ಳಿಗಳ ಟಿ-ಸೆಂಟ್ರಾಲೆನ್, ಮಣ್ಣಿನ ಬಣ್ಣದ ಗವಿಯಂತಿರುವ ರೋಡ್‌ಹ್ಯೂಸೆತ್, ಕೊನೆಗೆ ಕಡುಕೆಂಪು ಆಕಾಶದ ಕೆಳಗೆ ಕಾಡು ಬರೆದಿರುವ ಸೋಲ್ನಾ ಸೆಂಟ್ರುಮ್. ಪ್ಲಾಟ್‌ಫಾರಂ ಬಿಟ್ಟು ಹೊರಗೆ ಬರದೆ ಒಂದೊಂದು ರೈಲು ಬಿಟ್ಟು ಮುಂದಿನದು ಹತ್ತಿದರೆ 75 ನಿಮಿಷದ ಒಂದೇ ಬಿಡಿ ಟಿಕೆಟಿನಲ್ಲಿ ಮುಗಿಯುತ್ತದೆ.

ಒಂದು ಎಚ್ಚರಿಕೆ: ನೀಲಿ ಮಾರ್ಗ ವೆಸ್ಟ್ರಾ ಸ್ಕೂಗೆನ್‌ನಲ್ಲಿ ಕವಲೊಡೆಯುತ್ತದೆ. ಸೋಲ್ನಾ ಸೆಂಟ್ರುಮ್‌ಗೆ ಹೋಗುವುದು ಅಕಲ್ಲಾ ಎಂದು ಬರೆದ 11ನೇ ನಂಬರಿನ ರೈಲು; ಯುಲ್‌ಸ್ಟಾ ಎಂಬ 10ನೇ ನಂಬರನ್ನು ಹತ್ತಿದರೆ ಬೇರೆ ಕಡೆ ಹೋಗುತ್ತೀರಿ. ಇದೇ ಅಕಲ್ಲಾ ದಾರಿಯಲ್ಲಿ ಎರಿಕ್ಸನ್‌ನ ಕಚೇರಿಗಳಿರುವ, ಬೆಂಗಳೂರಿನವರು ‘ಕಿಸ್ತಾ’ ಎನ್ನುವ ನಿಲ್ದಾಣವೂ ಬರುತ್ತದೆ. ಘೋಷಣೆಯಲ್ಲಿ ಅದು ‘ಶಿಸ್ತಾ’ ಎಂದು ಕೇಳಿಸುತ್ತದೆ, ಗಾಬರಿ ಬೇಡ.

ಹಂತ 10: ಊಟ, ಮುಖ್ಯವಾಗಿ ಸಸ್ಯಾಹಾರಿಗಳಿಗೆ

ಹೊಟ್ಟೆ ತುಂಬ ತಿನ್ನುವುದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ವಾರದ ದಿನಗಳಲ್ಲಿ ಸುಮಾರು 11ರಿಂದ 2ರವರೆಗೆ ಹೋಟೆಲುಗಳು ‘ದಾಗೆನ್ಸ್ ಲುಂಚ್’ ಎಂಬ ದಿನದೂಟ ಕೊಡುತ್ತವೆ. ಮುಖ್ಯ ಖಾದ್ಯದ ಜೊತೆಗೆ ಸಲಾಡು, ಬ್ರೆಡ್ಡು ಮತ್ತು ಬಹಳ ಕಡೆ ಕಾಫಿಯೂ ಸೇರಿ ಸಂಜೆಯ ದರಕ್ಕಿಂತ ಎಷ್ಟೋ ಕಡಿಮೆ. ಎರಡೂವರೆಗೆ ಹೋದರೆ ಸಿಗುವುದಿಲ್ಲ. ನೀರಿನ ಬಾಟಲಿ ಕೊಳ್ಳಬೇಡಿ, ನಲ್ಲಿ ನೀರೇ ಕುಡಿಯುವ ನೀರು.

ಸಸ್ಯಾಹಾರಿಗಳು ತಿಳಿದಿರಬೇಕಾದ ಮಾತುಗಳು ನಾಲ್ಕು: ‘ಶೊತ್’ ಮಾಂಸ, ‘ಫ್ಲೆಸ್ಕ್’ ಹಂದಿ, ‘ಫಿಸ್ಕ್’ ಮೀನು, ‘ಎಗ್’ ಮೊಟ್ಟೆ. ‘ವೆಗೆಟಾರಿಸ್ಕ್’ ಎಂದರೆ ಮೊಟ್ಟೆ ಇರಬಹುದು. ಮೊಟ್ಟೆಯೂ ಬೇಡವೆಂದರೆ ‘ವೆಗಾನ್ಸ್ಕ್’ ಎಂದು ಕೇಳಬೇಕು. ಗುರುವಾರ ಅನೇಕ ಕಡೆ ಹಳದಿ ಬಟಾಣಿಯ ಗಟ್ಟಿ ಸೂಪ್ ಇರುತ್ತದೆ. ನೋಡಲು ನಮ್ಮ ತೊವ್ವೆಯ ಹಾಗೆಯೇ ಇದ್ದು, ಕಂಡ ಕೂಡಲೇ ಕೈ ಮುಂದೆ ಹೋಗುತ್ತದೆ. ಆದರೆ ಅದನ್ನು ಹಂದಿಮಾಂಸ ಹಾಕಿ ಬೇಯಿಸುವುದೇ ರೂಢಿ. ದಾಲ್ಚಿನ್ನಿ ಬನ್ನಿನ ಮೇಲಿನ ಹೊಳಪು ಸಾಮಾನ್ಯವಾಗಿ ಮೊಟ್ಟೆಯದು.

ಯೋಜನೆ ಕೆಡುತ್ತಿದೆ ಎಂಬುದರ ಲಕ್ಷಣಗಳು

ಮಧ್ಯಾಹ್ನ ಒಂದು ಗಂಟೆಯಾದರೂ ಅಂದಿನ ಮೊದಲ ಬಾಗಿಲು ಮುಗಿದಿಲ್ಲವೆಂದರೆ ಎರಡನೆಯದನ್ನು ಕೈಬಿಟ್ಟು ನೇರವಾಗಿ ದೋಣಿಗೆ ಹೋಗಿ. ಒಂದೇ ಸೇತುವೆಯನ್ನು ದಿನದಲ್ಲಿ ಮೂರನೆಯ ಸಲ ದಾಟುತ್ತಿದ್ದರೆ ದ್ವೀಪಗಳ ಕ್ರಮ ತಪ್ಪಿದೆ ಎಂದರ್ಥ. ಅಲ್ಲೇ ನಿಂತು ಉಳಿದದ್ದನ್ನು ಮರುಜೋಡಿಸಿ. ಹಿರಿಯರು “ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರುತ್ತೇನೆ” ಎಂದರೆ ಅವರಿಗೆ ಅರ್ಧ ಗಂಟೆಯ ಹಿಂದೆಯೇ ಸುಸ್ತಾಗಿದೆ; ಕಾಫಿ ಅಂಗಡಿ ಹುಡುಕಿ.

ಮೂರನೆಯ ಅರ್ಧ ದಿನ ಉಳಿದರೆ

ನಗರದಾಚೆ ಸಮುದ್ರದಲ್ಲಿ ಸುಮಾರು 30,000 ದ್ವೀಪಗಳು ಚೆಲ್ಲಿಕೊಂಡಿವೆ. ಅರ್ಧ ದಿನಕ್ಕೆ ವಾಕ್ಸ್‌ಹೋಲ್ಮ್ ಸರಿಯಾದ ಆಯ್ಕೆ. ಸ್ಟ್ರೋಮ್‌ಕಾಯೆನ್ ಕಟ್ಟೆಯಿಂದ ಒಂದು ಗಂಟೆಯ ಆಸುಪಾಸಿನ ದೋಣಿಯಲ್ಲಿ ಹೋಗಿ, ವಾಪಸು 670ನೇ ನಂಬರಿನ ಬಸ್ಸಿನಲ್ಲಿ ಟೆಕ್ನಿಸ್ಕಾ ಹೋಗ್‌ಸ್ಕೂಲಾನ್ ಮೆಟ್ರೊ ನಿಲ್ದಾಣಕ್ಕೆ ಬನ್ನಿ. ಎರಡೂ ಕಡೆ ದೋಣಿಯನ್ನೇ ನೆಚ್ಚಿಕೊಂಡರೆ ಮುಂದಿನ ದೋಣಿಗೆ ಬಹಳ ಹೊತ್ತು ಕಾಯಬೇಕಾಗಬಹುದು. ಬಸ್ಸು ಆಗಾಗ ಇರುತ್ತದೆ, ಎಸ್‌ಎಲ್ ಟಿಕೆಟೇ ಸಾಕು. ಅಂದೇ ವಿಮಾನವಿದ್ದರೆ ಮಾತ್ರ ಇದನ್ನು ಮುಟ್ಟಬೇಡಿ. ಅಂಥ ದಿನ ಪೆಟ್ಟಿಗೆಯನ್ನು ಕೇಂದ್ರ ನಿಲ್ದಾಣದ ಲಾಕರಿನಲ್ಲಿಟ್ಟು ಹತ್ತಿರದಲ್ಲೇ ಸುತ್ತಾಡಿ, ವಿಮಾನದ ವೇಳೆಗೆ ಮೂರು ಗಂಟೆ ಮುಂಚೆ ಆರ್ಲಾಂಡಾದಲ್ಲಿರುವಂತೆ ಹೊರಡಿ. 583ರ ದಾರಿಯಲ್ಲಿ ಹೋಗುವವರು ಅದಕ್ಕೂ ಇನ್ನೊಂದೂವರೆ ಗಂಟೆ ಮುಂಚೆ ನಗರ ಬಿಡಬೇಕು.